ಉಪ್ಪಿಗೆ ಹಾಕಿದ ಮಿಡಿ, ಒಣಗಿದ ಗದ್ದೆ

ಮಾರ್ಚ್, ಏಪ್ರಿಲ್‌ನಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಯಾರ ಮನೆಗೆ ಹೋದರೂ ಅಡುಗೆಮನೆಯ ಮೂಲೆಯಲ್ಲೊಂದು ಭರಣಿ ಇರುತ್ತದೆ. ಒಳಗೆ ತೊಟ್ಟಿನ ಸಮೇತ ಅಪ್ಪೆಮಿಡಿ, ನಡುನಡುವೆ ಹರಳುಪ್ಪು. ಒಂದು ಹನಿ ನೀರೂ ಹಾಕಿರುವುದಿಲ್ಲ. ನಾಲ್ಕೈದು ದಿನ ಬಿಟ್ಟು ಮುಚ್ಚಳ ತೆಗೆದರೆ ಮಿಡಿಗಳು ಚಿರುಟಿ ಉಪ್ಪುನೀರಲ್ಲಿ ಮುಳುಗಿರುತ್ತವೆ. ಆ ನೀರೆಲ್ಲ ಮಿಡಿಯ ಒಳಗಿನದೇ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಹೊರಗೆ ಬರುತ್ತದೆ.

ಅದೇ ಹೊತ್ತಿಗೆ ಮನೆ ಎದುರಿನ ಗದ್ದೆಯ ಮಣ್ಣಲ್ಲೂ ಇದೇ ನಡೆದಿರುತ್ತದೆ. ಮಲೆನಾಡಿನ ಮಣ್ಣಲ್ಲಿ ಉಪ್ಪೆಲ್ಲಿ ಬಂತು ಅನ್ನಬಹುದು. ನಿಜ, ಆಗುಂಬೆಯ ಸರಾಸರಿ ಮಳೆಯೇ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಅಷ್ಟು ನೀರು ಹರಿದ ಮೇಲೆ ಉಪ್ಪು ನಿಲ್ಲುವುದಿಲ್ಲ. ಆದರೆ ಬಿಸಿಲಿಗೆ ಮಣ್ಣು ಒಣಗಿದಾಗ ಕಣಗಳಿಗೆ ಅಂಟಿದ ತೆಳು ನೀರಿನ ಪೊರೆ ಮಾತ್ರ ಉಳಿಯುತ್ತದೆ. ಕರಗಿದ್ದ ಅಷ್ಟಿಷ್ಟು ಲವಣವೆಲ್ಲ ಅದರಲ್ಲೇ ಸೇರಿ ಆ ನೀರು ಪಾಕದ ಹಾಗೆ ಗಟ್ಟಿಯಾಗುತ್ತದೆ. ಉದ್ದು, ಹೆಸರು, ಅಲಸಂದೆಯ ಬೇರಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಮ್ ಜಾತಿಯ ಬ್ಯಾಕ್ಟೀರಿಯಾಗಳು ಬೇಸಿಗೆ ಕಳೆಯಬೇಕಾದದ್ದು ಆ ಪೊರೆಯಲ್ಲೇ.

ಮಿಡಿಯ ಹಾಗೆ ಇವು ಸುಮ್ನೆ ಚಿರುಟಿ ಕೂರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಪೊಟ್ಯಾಸಿಯಮ್ ಅನ್ನು ಒಳಗೆ ಎಳೆದುಕೊಳ್ಳುತ್ತವೆ. ಅದಕ್ಕೆ ಜೋಡಿಯಾಗಿ ಗ್ಲುಟಮೇಟ್ ಎಂಬ ಅಮೈನೋ ಆಮ್ಲ ತಯಾರಿಸುತ್ತವೆ. ಹೊರಗಿನಷ್ಟೇ ಒಳಗೂ ಗಟ್ಟಿಯಾದರೆ ನೀರು ಹೊರಗೆ ಹೋಗುವುದು ನಿಲ್ಲುತ್ತದೆ. ಆದರೆ ಪೊಟ್ಯಾಸಿಯಮ್ ಅತಿಯಾದರೆ ಪ್ರೋಟೀನುಗಳ ಕೆಲಸ ಕೆಡುತ್ತದೆ. ಹಾಗಾಗಿ ಆಮೇಲೆ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಕೂಡಿಡುತ್ತವೆ. ಇದು ಎಷ್ಟಿದ್ದರೂ ಪ್ರೋಟೀನಿಗೆ ತೊಂದರೆ ಕೊಡುವುದಿಲ್ಲ. ನೀರು ಪೂರ್ತಿ ಆರಿದರೂ ಜೀವಕೋಶದ ಗೋಡೆಯೊಳಗಿನ ಪೊರೆ ಹರಿಯದಂತೆ ಕಾಯುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಮೆಂತ್ಯದ ಬೇರಲ್ಲಿ ಗಂಟು ಕಟ್ಟುವ ಸೈನೋರೈಜೋಬಿಯಮ್ ಮೆಲಿಲೋಟಿಯ ಜಾಣತನ. ಗಿಡಗಳಲ್ಲಿ ಸಿಗುವ ಕೋಲೀನ್ ಎಂಬ ಪೋಷಕಾಂಶದಿಂದ ಅದು ಗ್ಲೈಸಿನ್ ಬೀಟೈನ್ ಮಾಡಿಕೊಳ್ಳುತ್ತದೆ. ಟ್ರೆಹಲೋಸ್‌ನ ಹಾಗೆ ಇದೂ ಪ್ರೋಟೀನಿಗೆ ತೊಂದರೆ ಕೊಡದೆ ನೀರನ್ನು ಒಳಗೇ ಉಳಿಸುತ್ತದೆ. ಉಪ್ಪಿನ ಕಾಟವಿದ್ದಾಗ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ, ಕಾಟವಿಲ್ಲದಾಗ ಅದನ್ನೇ ತಿನ್ನುತ್ತದೆ!

ಮೇ ತಿಂಗಳ ಒಂದು ಸಂಜೆ ಗುಡುಗಿ ಮಳೆ ಹೊಯ್ದಾಗ ಕಷ್ಟ ತಿರುವುಮುರುವಾಗುತ್ತದೆ. ಹೊರಗೆ ಒಮ್ಮೆಲೇ ಸಿಹಿನೀರು, ಒಳಗೆ ಗಟ್ಟಿ ಪಾಕ. ನೀರು ಒಳಗೆ ನುಗ್ಗುತ್ತದೆ, ಬ್ಯಾಕ್ಟೀರಿಯಾ ಒಡೆದೇ ಹೋಗಬಹುದು. ಅದಕ್ಕೇ ಜೀವಕೋಶದ ಪೊರೆಯಲ್ಲಿ ಪುಟ್ಟ ತೂಬುಗಳಿವೆ. ಪೊರೆ ಬಿಗಿದ ಕೂಡಲೇ, ಸೆಕೆಂಡಿನ ಸಾವಿರದ ಕೆಲವು ಭಾಗಗಳಲ್ಲಿ, ಅವು ತೆರೆದುಕೊಂಡು ಕೂಡಿಟ್ಟದ್ದನ್ನು ಹೊರಗೆ ಚೆಲ್ಲುತ್ತವೆ. ಅವುಗಳಲ್ಲಿ ದೊಡ್ಡ ತೂಬಿನ ಬಾಯಿ ಸುಮಾರು 3 ನ್ಯಾನೋಮೀಟರ್ ಅಷ್ಟೇ. ಚೆಲ್ಲಿದ್ದು ಅಕ್ಕಪಕ್ಕದ ಜೀವಿಗಳಿಗೆ ಊಟ.

ಇಷ್ಟೆಲ್ಲ ತಡೆದುಕೊಂಡರೂ ಗಂಟು ಕಟ್ಟುವುದು ಬೇರೆಯೇ ವಿಷಯ. ಅದಕ್ಕೆ ಬೇರಿನ ಕೂದಲು ಬಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳಬೇಕು. ಉಪ್ಪು ತಡೆಯುವ ಶಕ್ತಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾಕ್ಕಿಂತ ಗಿಡಕ್ಕೇ ಕಡಿಮೆ.

ಬಿತ್ತುವಾಗಲೂ ಉಪ್ಪಿನ ಈ ಕಾಟ ನೆನಪಿರಲಿ. ಬೆಲ್ಲದ ನೀರಲ್ಲಿ ಈ ಬ್ಯಾಕ್ಟೀರಿಯಾ ಇರುವ ರೈಜೋಬಿಯಮ್ ಪುಡಿ ಕಲಸಿ, ಬೀಜಕ್ಕೆ ಹಚ್ಚಿ ನೆರಳಲ್ಲಿ ಆರಿಸಿದ ಮೇಲೆ ಅದನ್ನು ಯೂರಿಯಾ, ಡಿಎಪಿ ಗೊಬ್ಬರದ ಜೊತೆ ಒಂದೇ ಬುಟ್ಟಿಗೆ ಹಾಕಬೇಡಿ. ಆ ಹರಳುಗಳಿಗೆ ತೇವ ತಾಗಿದರೆ ಬೀಜದ ಮೈಮೇಲೂ ಭರಣಿಯದೇ ಕತೆ. ಬಿತ್ತಿ ಒಂದು ತಿಂಗಳಾದಾಗ ಒಂದು ಅಲಸಂದೆ ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎಬ್ಬಿಸಿ, ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಸಾರಜನಕದ ಕೆಲಸ ನಡೆಯುತ್ತಿದೆ.