ಊಟಕ್ಕೇನು, ಎಷ್ಟು ಹೊತ್ತು ಕೂರ್ತೀರಿ? ಬಿಯರ್ ಮಾತು ಆಮೇಲೆ

ಯುಗಾದಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಹೊಸತೊಡಕಿಗೆ ಮಟನ್ ಎಲ್ಲಿ ತರಬೇಕು ಅನ್ನೋದನ್ನ ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಿಯರ್ ಯಾವುದು ತರೋದು ಅಂತ ಮಾತ್ರ ಕೇಳುತ್ತಾರೆ. "ಅಣ್ಣಾ, ಹತ್ತು ಜನ ಇದೀವಿ, ಸ್ಟ್ರಾಂಗ್ ಎರಡು ಕೇಸ್ ಹೇಳ್ಬಿಡ್ಲಾ?" ನಾನು ಮೊದಲು ಒಂದು ಬಿಯರ್ ಕಾರ್ಖಾನೆಯ ಕ್ವಾಲಿಟಿ ಲ್ಯಾಬಿನಲ್ಲಿದ್ದವನು. ಈಗ ಮೈಸೂರಿನ ಒಂದು ಹೋಟೆಲಿನಲ್ಲಿ ಬಾರ್ ನೋಡಿಕೊಳ್ಳುತ್ತೇನೆ. ಯಾರೇ ಕೇಳಲಿ, ಹೆಸರು ಹೇಳುವ ಮೊದಲು ಎರಡೇ ಪ್ರಶ್ನೆ ಹಾಕುತ್ತೇನೆ. ಊಟಕ್ಕೆ ಏನು ಮಾಡ್ತಿದೀರಿ? ಎಷ್ಟು ಹೊತ್ತು ಕೂರ್ತೀರಿ? ಇವೆರಡು ಗೊತ್ತಾದರೆ ಮುಕ್ಕಾಲು ಕೆಲಸ ಮುಗೀತು. ಬ್ರ್ಯಾಂಡ್ ಆಮೇಲೆ ನೋಡಿಕೊಳ್ಳಬಹುದು.

ಮೊದಲು ಹೊತ್ತಿನ ಲೆಕ್ಕ. ನಮ್ಮ ದೇಶದ ನಿಯಮದಲ್ಲಿ ಶೇ. 5ರವರೆಗೆ ಆಲ್ಕೋಹಾಲ್ ಇದ್ದರೆ ಅದು ಮೈಲ್ಡ್, ಅದರ ಮೇಲೆ ಶೇ. 8ರವರೆಗೆ ಸ್ಟ್ರಾಂಗ್. 650 ಎಂಎಲ್ ಬಾಟಲಿಯಲ್ಲಿ ಶೇ. 8 ಅಂದರೆ 52 ಎಂಎಲ್ ಶುದ್ಧ ಆಲ್ಕೋಹಾಲ್. ನಮ್ಮ ವಿಸ್ಕಿ ಸಾಮಾನ್ಯವಾಗಿ ಶೇ. 42.8 ಇರುತ್ತದೆ, 60 ಎಂಎಲ್ ಲಾರ್ಜ್‌ನಲ್ಲಿ ಸುಮಾರು 26 ಎಂಎಲ್ ಬರುತ್ತದೆ. ಅಂದರೆ ಒಂದು ಸ್ಟ್ರಾಂಗ್ ಬಾಟಲ್ ಅನ್ನೋದು ಎರಡು ಲಾರ್ಜ್ ವಿಸ್ಕಿ. "ನಾನು ಹಾಟ್ ಮುಟ್ಟಲ್ಲ, ಬರೀ ಬಿಯರ್" ಅಂತ ಎದೆ ತಟ್ಟಿಕೊಂಡು ಹೇಳುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಆ ಎರಡು ಕೇಸನ್ನೇ ತಗೊಳ್ಳಿ, 24 ಬಾಟಲ್, ಹತ್ತು ಜನ, ತಲೆಗೆ ಹತ್ತಿರ ಹತ್ತಿರ ಐದು ಲಾರ್ಜ್, ಅದೂ ಏಪ್ರಿಲ್ ಬಿಸಿಲಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿ. ಮಟನ್ ಸಾರು ಇಳಿಸುವ ಹೊತ್ತಿಗೆ ಅರ್ಧ ಜನ ಚಾಪೆ ಮೇಲೆ! ಅಷ್ಟು ಮುತುವರ್ಜಿಯಿಂದ ಮಾಡಿದ ಬಾಡೂಟದ ರುಚಿ ಯಾರಿಗೂ ನೆನಪಿರಲ್ಲ.

ಸ್ಟ್ರಾಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ರುಚಿಗಾಗಿ ಮಾಡಿದ್ದಲ್ಲ, ಕಿಕ್ಕಿಗಾಗಿ ಮಾಡಿದ್ದು. ಬರೀ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್‌ನಿಂದ ಶೇ. 8 ತಲುಪಿಸಿದರೆ ಖರ್ಚೂ ಜಾಸ್ತಿ, ಕುಡಿಯೋಕೂ ಭಾರ. ಹಾಗಾಗಿ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಅಂಶ ಸೇರಿಸುವುದು ಸಾಮಾನ್ಯ. ಯೀಸ್ಟ್ ಅದನ್ನು ಬಹುಪಾಲು ತಿಂದು ಆಲ್ಕೋಹಾಲ್ ಮಾಡಿಬಿಡುತ್ತದೆ, ಬಾಯಲ್ಲಿ ಉಳಿಯೋಕೆ ಏನೂ ಇರಲ್ಲ, ಗಂಟಲಲ್ಲಿ ಸ್ವಲ್ಪ ಸುಡುತ್ತದೆ ಅಷ್ಟೆ. ಒಂದು ಪಿಂಟ್ ಕುಡಿದು ಊಟ ಮಾಡಿ ಮಲಗುವವರಿಗೆ ಸರಿ. ಸಂಜೆಯೆಲ್ಲ ಮಾತಾಡುತ್ತಾ ಕೂರುವವರಿಗೆ ಮೈಲ್ಡ್ ಲಾಗರೇ ಸರಿ.

ಲಾಗರ್ ಅಂದರೆ ತಣ್ಣಗಿನ ಜಾಗದಲ್ಲಿ, ಸುಮಾರು 8ರಿಂದ 13 ಡಿಗ್ರಿಯಲ್ಲಿ, ನಿಧಾನಕ್ಕೆ ಹುದುಗಿದ ಬಿಯರ್. ನಮ್ಮ ಅಂಗಡಿಗಳಲ್ಲಿ ಸಿಗೋದು ಬಹುಪಾಲು ಅದೇ, ಕಿಂಗ್‌ಫಿಷರ್ ಇರಲಿ, ಬಡ್‌ವೈಸರ್ ಇರಲಿ, ಟ್ಯೂಬೋರ್ಗ್ ಇರಲಿ. ಬಿಯರಿಗೆ ಕಹಿ, ಘಮ ಕೊಡುವುದು ಹಾಪ್ಸ್ ಅನ್ನುವ ಹೂವು. ಲಾಗರಿನಲ್ಲೇ ಸ್ವಲ್ಪ ಕಹಿ ಜಾಸ್ತಿ, ಹಾಪ್ಸ್ ಘಮ ಇರುವುದು ಪಿಲ್ಸ್ನರ್. 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ಊರಲ್ಲಿ ಯೋಸೆಫ್ ಗ್ರೋಲ್ ಅನ್ನುವವರು ಮಾಡಿದ ಚಿನ್ನದ ಬಣ್ಣದ ಆ ಬಿಯರನ್ನೇ ಜಗತ್ತೆಲ್ಲ ನಕಲು ಮಾಡಿತು, ನಾವೂ ಕುಡಿಯುತ್ತಿರುವುದು ಅದರ ಮರಿಮಕ್ಕಳನ್ನೇ. ಕರಿದ ತಿಂಡಿಗೆ ಇದನ್ನು ಮೀರಿಸಿದ್ದು ಇಲ್ಲ. ಮದ್ದೂರು ವಡೆ, ಗೋಬಿ ಮಂಚೂರಿ, ಕಾಂಗ್ರೆಸ್ ಕಡ್ಲೆಬೀಜ, ಬಜ್ಜಿ, ಯಾವುದಾದರೂ ಆಗಲಿ, ಎಣ್ಣೆಯ ಜಿಡ್ಡನ್ನು ಲಾಗರಿನ ಗ್ಯಾಸು ಮತ್ತು ಕಹಿ ತೊಳೆದುಬಿಡುತ್ತವೆ, ಮುಂದಿನ ತುತ್ತು ಮತ್ತೆ ಮೊದಲನೇ ತುತ್ತಿನಂತೆ ಇರುತ್ತದೆ. (ಬೆಣ್ಣೆ ದೋಸೆ ಜೊತೆ ಬಿಯರ್ ಕೇಳಿದವರೂ ಇದ್ದಾರೆ. ದಯವಿಟ್ಟು ಬೇಡ. ಅದಕ್ಕೆ ಕಾಫಿ ಇದೆ.)

ಲಾಗರ್ ಕೊಳ್ಳುವಾಗ ಬ್ರ್ಯಾಂಡಿಗಿಂತ ತಾರೀಖು ಮುಖ್ಯ. ಬಿಯರ್ ವೈನ್ ಥರ ಇಟ್ಟಷ್ಟೂ ಚೆನ್ನಾಗಾಗುವ ವಸ್ತುವಲ್ಲ. ಕಾರ್ಖಾನೆ ಬಿಟ್ಟ ದಿನದಿಂದಲೇ ಇಳಿಯೋಕೆ ಶುರು, ಮೊದಲು ಹಾಪ್ಸ್ ಘಮ ಹೋಗುತ್ತದೆ, ಆಮೇಲೆ ನೆನೆದ ರಟ್ಟಿನ ವಾಸನೆ ಬರುತ್ತದೆ. ಲೇಬಲ್ಲಿನಲ್ಲಿ ತಯಾರಾದ ತಿಂಗಳೂ ಇರುತ್ತದೆ, ಎಲ್ಲಿ ತಯಾರಾಯಿತು ಅನ್ನೋದೂ ಇರುತ್ತದೆ. ನಮ್ಮ ನಂಜನಗೂಡಿನಲ್ಲೇ ಯುನೈಟೆಡ್ ಬ್ರೂವರೀಸ್ ಕಾರ್ಖಾನೆ ಇದೆ. ಅಲ್ಲಿಂದ ಹೋದ ತಿಂಗಳು ಹೊರಟ ಸಾದಾ ಲಾಗರ್, ಎಂಟು ತಿಂಗಳು ಹಡಗು, ಗೋದಾಮು ಸುತ್ತಿ ಬಂದ ಮೂರು ಪಟ್ಟು ಬೆಲೆಯ ಫಾರಿನ್ ಲಾಗರಿಗಿಂತ ಹತ್ತಕ್ಕೆ ಒಂಬತ್ತು ಸಲ ಚೆನ್ನಾಗಿರುತ್ತದೆ. ನನ್ನ ಫೇವರಿಟ್ ಯಾವುದು ಅಂತ ಕೇಳುವವರಿಗೆ ಈ ಉತ್ತರ ಕೇಳಿ ಬೇಜಾರಾಗುತ್ತದೆ. ಏನ್ ಮಾಡೋದು, ಲ್ಯಾಬಿನಲ್ಲಿ ತಾಜಾ ಬಿಯರ್ ಕುಡಿದು ಬಾಯಿ ಕೆಟ್ಟಿದೆ.

ಈಗ ಖಾರದ ವಿಷಯ. ಇಲ್ಲೇ ಜನ ಜಾಸ್ತಿ ಎಡವೋದು. ಬೆಂಗಳೂರಿಗೆ ಹೋಗಿ ಮೈಕ್ರೋಬ್ರೂವರಿಯಲ್ಲಿ ಐಪಿಎ (ಇಂಡಿಯಾ ಪೇಲ್ ಏಲ್ ಅನ್ನುವ ಕಹಿ ಬಿಯರ್) ರುಚಿ ಹತ್ತಿಸಿಕೊಂಡ ಹುಡುಗರು ಊರಿಗೆ ಬಂದು ನಾಟಿಕೋಳಿ ಸಾರಿಗೂ ಅದನ್ನೇ ಹುಡುಕುತ್ತಾರೆ. ಐಪಿಎಯಲ್ಲಿ ಹಾಪ್ಸ್ ಜಾಸ್ತಿ. ಕಹಿ ಅಳೆಯುವ ಐಬಿಯು ಲೆಕ್ಕದಲ್ಲಿ 40ರಿಂದ 70ರವರೆಗೆ ಹೋಗುತ್ತದೆ, ನಮ್ಮ ಸಾದಾ ಲಾಗರ್ ಇದರ ಹತ್ತಿರಕ್ಕೂ ಬರಲ್ಲ. ಮೆಣಸಿನಕಾಯಿ ಉರಿ ಇರುವ ನಾಲಿಗೆ ಮೇಲೆ ಅಷ್ಟು ಕಹಿ, ಅದರ ಮೇಲೆ ಗ್ಯಾಸು, ಅದರ ಮೇಲೆ ಆಲ್ಕೋಹಾಲು ಬಿದ್ದರೆ ಉರಿ ತಣಿಯಲ್ಲ, ಏರುತ್ತದೆ. ಕೆಲವರಿಗೆ ಅದೇ ಮಜಾ, ಇರಲಿ. ಆದರೆ ಸಾರಿನಲ್ಲಿರುವ ಕೊತ್ತಂಬರಿ, ಚಕ್ಕೆ, ಲವಂಗ, ಹುರಿದ ಈರುಳ್ಳಿ ಯಾವುದೂ ಗೊತ್ತಾಗಲ್ಲ. ಐಪಿಎ ಬೇಕೇ ಬೇಕು ಅಂದರೆ ಖಾರ ಕಡಿಮೆ ಇರುವ ಚೀಸ್, ಫ್ರೆಂಚ್ ಫ್ರೈಸ್, ತಂದೂರಿ ಥರದ್ದರ ಜೊತೆ ಕುಡಿಯಿರಿ.

ನಾಟಿಕೋಳಿ ಸಾರು, ಮುದ್ದೆಗೆ ನನ್ನ ಆಯ್ಕೆ ಗೋಧಿ ಬಿಯರ್. ಇದರಲ್ಲಿ ಎರಡು ಮನೆತನ. ಜರ್ಮನಿಯ ಬವೇರಿಯಾ ಕಡೆಯದು ಹೆಫೆವೈಜನ್. ಅದರ ಮಾಲ್ಟ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಗೋಧಿ ಇರುವ ಹಾಗಿಲ್ಲ. ಗ್ಲಾಸು ಮೂಗಿನ ಹತ್ತಿರ ತಂದರೆ ಪಕ್ವವಾದ ನಂಜನಗೂಡು ರಸಬಾಳೆ ಸುಲಿದ ಹಾಗೆ ಘಮ, ಹಿಂದೆಯೇ ಲವಂಗ. ಅದರಲ್ಲಿ ಬಾಳೆಹಣ್ಣೂ ಹಾಕಿರಲ್ಲ, ಲವಂಗವೂ ಹಾಕಿರಲ್ಲ. ಎರಡೂ ಯೀಸ್ಟಿನ ಕೆಲಸ. ಬಾಳೆಯ ವಾಸನೆ ಐಸೋಅಮೈಲ್ ಅಸಿಟೇಟ್ ಅನ್ನುವ ಘಮದ ರಾಸಾಯನಿಕದಿಂದ ಬರುತ್ತದೆ, ನಿಜವಾದ ಬಾಳೆಹಣ್ಣಿನಲ್ಲೂ ಇರುವುದು ಅದೇ. ಇನ್ನೊಂದು ಬೆಲ್ಜಿಯಂ ಕಡೆಯ ವಿಟ್‌ಬಿಯರ್. ಇದಕ್ಕೆ ಮಾತ್ರ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿಯೇ ಕುದಿಸುತ್ತಾರೆ. ಹೋಗಾರ್ಡನ್ ಊರಲ್ಲಿ ಸತ್ತೇ ಹೋಗಿದ್ದ ಈ ಬಿಯರನ್ನು 1966ರಲ್ಲಿ ಪಿಯೆರ್ ಸೆಲಿಸ್ ಮತ್ತೆ ಶುರು ಮಾಡಿದರು. ನಮ್ಮ ಸಾರಿನ ಪುಡಿಯ ಅರ್ಧ ಭಾಗ ಕೊತ್ತಂಬರಿ ಬೀಜವೇ ಅಲ್ವಾ, ಹಾಗಾಗಿ ಎರಡೂ ಜಗಳ ಆಡಲ್ಲ. ಕಹಿ ಕಡಿಮೆ, ಸ್ವಲ್ಪ ಸಿಹಿ, ಬಾಯಿ ತುಂಬ ಮೆತ್ತಗೆ, ಖಾರವನ್ನು ಮುಚ್ಚದೆ ಸಮಾಧಾನ ಮಾಡುತ್ತದೆ. ಬಿಯರ್ ಅಂದರೆ ಕಹಿ ಅಂತ ಮುಖ ಸಿಂಡರಿಸುವವರಿಗೂ ನಾನು ಮೊದಲು ಕೊಡುವುದು ಇದನ್ನೇ. ಬಾಟಲಿಯ ತಳದಲ್ಲಿ ಮಡ್ಡಿ ಕಂಡರೆ ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ, ಅದು ಯೀಸ್ಟ್, ಕೊನೆಗೆ ಸ್ವಲ್ಪ ಅಲ್ಲಾಡಿಸಿ ಬಗ್ಗಿಸಿಕೊಳ್ಳಬೇಕು.

ಮಟನ್ ಪೆಪ್ಪರ್ ಫ್ರೈ, ಚಾಪ್ಸ್, ತಲೆಮಾಂಸ, ಬೋಟಿ ಗೊಜ್ಜು ಇಂಥ ಹುರಿದು ಕಪ್ಪಗೆ ಮಾಡಿದ್ದಕ್ಕೆ ಬಣ್ಣದ ಬಿಯರ್ ಬೇಕು. ಮಾಲ್ಟನ್ನು ಹುರಿದಷ್ಟೂ ಬಿಯರ್ ಕಂದಾಗುತ್ತದೆ, ಮಸಾಲೆ ಹುರಿದಾಗ ಬರುವ ಘಮದ ಬಂಧುವೇ ಅದರಲ್ಲೂ ಇರುತ್ತದೆ. ಆಂಬರ್, ಡಾರ್ಕ್ ಲಾಗರ್ ಏನು ಸಿಕ್ಕರೂ ನಡೆಯುತ್ತದೆ. ಸ್ಟೌಟ್ ಇನ್ನೂ ಒಂದು ಹೆಜ್ಜೆ ಮುಂದೆ. ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಸಿಕ್ಕರೆ ಬಿಡಬೇಡಿ. ಕಪ್ಪು ಬಣ್ಣ ನೋಡಿ ಜನ ಇದು ಸ್ಟ್ರಾಂಗ್ ಅಂದುಕೊಳ್ಳುತ್ತಾರೆ. ಐರ್ಲೆಂಡಿನ ಹೆಸರಾಂತ ಸ್ಟೌಟ್ ಗಿನ್ನೆಸ್ ಡ್ರಾಟ್ ಇರುವುದು ಶೇ. 4.2, ನಮ್ಮ ಮೈಲ್ಡಿಗಿಂತ ಕಡಿಮೆ! ಹುರಿದ ಬಾರ್ಲಿಯ ಕಾಫಿ ರುಚಿ, ಡಿಸೆಂಬರ್ ಚಳಿಗೂ ಜುಲೈ ಜಡಿಮಳೆಗೂ ಹೇಳಿ ಮಾಡಿಸಿದ ಹಾಗಿರುತ್ತದೆ. ಊಟ ಆದ ಮೇಲೆ ಒಂದು ತುಂಡು ಮೈಸೂರು ಪಾಕ್ ಜೊತೆ ಒಂದು ಸಣ್ಣ ಗ್ಲಾಸ್ ಸ್ಟೌಟ್ ಕುಡಿದು ನೋಡಿ. ತುಪ್ಪ, ಹುರಿದ ಕಡಲೆಹಿಟ್ಟು ಒಂದು ಕಡೆ, ಕಹಿ ಕಾಫಿ ಇನ್ನೊಂದು ಕಡೆ. ದಸರಾಕ್ಕೆ ಬಂದ ನೆಂಟರಿಗೆ ಇದನ್ನು ಕೊಟ್ಟರೆ ಮೊದಲು ಬೈಯುತ್ತಾರೆ, ಆಮೇಲೆ ಇನ್ನೊಂದು ತುಂಡು ಕೇಳುತ್ತಾರೆ.

ಇನ್ನು ಗ್ಲಿಸರಿನ್. ಬಿಯರಿಗೆ ಅದನ್ನು ಬೆರೆಸುತ್ತಾರೆ, ಬೆಳಿಗ್ಗೆ ತಲೆನೋವು ಬರೋದು ಅದರಿಂದಲೇ ಅಂತ ನಂಬಿದವರು ಬಹಳ. ಬಾಟಲಿ ಬಾಯಿಗೆ ಬೆರಳಿಟ್ಟು, ನೀರಿನ ಗ್ಲಾಸಿನಲ್ಲಿ ತಲೆಕೆಳಗು ಮಾಡಿ, "ನೋಡ್ ಗುರೂ, ಗ್ಲಿಸರಿನ್ ಹೆಂಗೆ ಇಳೀತಿದೆ" ಅನ್ನುವ ಒಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಎಳೆ ಎಳೆಯಾಗಿ ಇಳಿಯುತ್ತಿರೋದು ನಿಮ್ಮ ಬಿಯರು. ಹುದುಗದೆ ಉಳಿದ ಮಾಲ್ಟಿನ ಅಂಶದಿಂದ ಬಿಯರ್ ಸಾಮಾನ್ಯವಾಗಿ ನೀರಿಗಿಂತ ಒಂದು ಚೂರು ತೂಕ ಜಾಸ್ತಿ, ಹಾಗಾಗಿ ಅದು ಕೆಳಗಿಳಿಯುತ್ತದೆ, ಅದರ ಜಾಗಕ್ಕೆ ನೀರು ಮೇಲೇರುತ್ತದೆ. ದುಡ್ಡು ಕೊಟ್ಟು ತಂದಿದ್ದಕ್ಕೆ ನೀವೇ ನೀರು ಬೆರೆಸಿದಂತಾಯಿತು ಅಷ್ಟೆ. ಬಿಯರಿನಲ್ಲಿ ಗ್ಲಿಸರಾಲ್ ಇರುವುದು ನಿಜ, ಲೀಟರಿಗೆ 1ರಿಂದ 3 ಗ್ರಾಂ, ಹುದುಗುವಾಗ ಯೀಸ್ಟೇ ಮಾಡುವುದು. ವೈನಿನಲ್ಲಿ ಇನ್ನೂ ಜಾಸ್ತಿ ಇರುತ್ತದೆ. ಬೆಳಿಗ್ಗೆ ತಲೆನೋವಿಗೆ ಅದು ಕಾರಣವಲ್ಲ. ಹಿಂದಿನ ರಾತ್ರಿಯ ಮೂರನೇ ಬಾಟಲ್ ಕಾರಣ.

"ಫುಲ್ ಚಿಲ್ಡ್ ಕೊಡಿ" ಅನ್ನೋದೂ ಅಭ್ಯಾಸಬಲ. ಲಾಗರಿಗೆ 4ರಿಂದ 7 ಡಿಗ್ರಿ ಸಾಕು, ಮನೆಯ ಫ್ರಿಜ್ಜೇ ಅದು. ಗೋಧಿ ಬಿಯರಿಗೆ 6ರಿಂದ 8, ಸ್ಟೌಟಿಗೆ 10ರ ಆಸುಪಾಸು, ಅಂದರೆ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಟೇಬಲ್ ಮೇಲೆ ಬಿಡಬೇಕು. ಮಂಜುಗಡ್ಡೆ ಆಗುವಷ್ಟು ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ರುಚಿಯಿಲ್ಲದ ಬಿಯರಿಗೆ ಅದೇ ರಕ್ಷಣೆ. ನಿಧಾನಕ್ಕೆ ಕುಡಿಯುವವರು 650ರ ಬದಲು 330ರ ಪಿಂಟ್ ತಗೊಳ್ಳಿ, ದೊಡ್ಡ ಬಾಟಲಿಯ ಕೊನೆಯ ಅರ್ಧ ಯಾವಾಗಲೂ ಬೆಚ್ಚಗೇ ಇರುತ್ತದೆ. ನೊರೆ ಬಂದರೆ ಮೋಸ ಅಂತ ಸಪ್ಲೈಯರ್ ಹುಡುಗರನ್ನು ಗದರಬೇಡಿ. ಎರಡು ಬೆರಳು ನೊರೆ ಇರಲೇಬೇಕು. ಘಮ ಬರುವುದು ಅಲ್ಲಿಂದ, ಗ್ಯಾಸು ಹೊಟ್ಟೆಗೆ ಹೋಗುವ ಬದಲು ಗ್ಲಾಸಿನಲ್ಲೇ ಒಂದಷ್ಟು ಹೋಗುತ್ತದೆ. ನೊರೆ ನಿಲ್ಲದಿದ್ದರೆ ಬಿಯರಿಗಿಂತ ಮೊದಲು ಗ್ಲಾಸನ್ನು ಅನುಮಾನಿಸಿ, ಅದರಲ್ಲಿ ಜಿಡ್ಡೋ ಸೋಪೋ ಉಳಿದಿರುತ್ತದೆ.

ಹಸಿರು ಬಾಟಲಿ ನೋಡೋಕೆ ಚೆಂದ, ಆದರೆ ಬೆಳಕು ತಡೆಯಲ್ಲ. ಬಿಸಿಲು ಹಾಪ್ಸಿನ ಕಹಿಗೆ ತಾಗಿದರೆ ಗಂಧಕದ ಒಂದು ಕೆಟ್ಟ ವಾಸನೆ ಹುಟ್ಟುತ್ತದೆ, ನೇರ ಬಿಸಿಲಾದರೆ ಅದಕ್ಕೆ ನಿಮಿಷಗಳು ಸಾಕು. ಕಂದು ಬಾಟಲಿ ಬಹಳಷ್ಟು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ತೋಟದ ಮನೆಗೆ ಹೋಗುವವರಿಗೆ ನಾನು ಕ್ಯಾನೇ ಹೇಳುತ್ತೇನೆ. ಕಾವೇರಿ ದಂಡೆಯ ಬಲಮುರಿ ಥರದ ಜಾಗದಲ್ಲಿ ಬಂಡೆ ಮೇಲೆ ಕೂತು ಕುಡಿಯೋದೇ ತಪ್ಪು, ಅದರ ಮೇಲೆ ಬಾಟಲ್ ಒಡೆದು ನೀರಿಗೆ ಎಸೆಯುವವರ ಬಗ್ಗೆ ಇಲ್ಲಿ ಬರೆಯಬಹುದಾದ ಮಾತು ನನ್ನ ಹತ್ತಿರ ಇಲ್ಲ. ಮಕ್ಕಳು ಬರಿಗಾಲಲ್ಲಿ ಇಳಿಯುವ ನೀರು ಅದು.

ಮತ್ತೆ, ಗುಂಪಿನಲ್ಲಿ ಗಾಡಿ ಓಡಿಸುವವರು ಒಬ್ಬರು ಇರುತ್ತಾರೆ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಒಂದು ಸ್ಟ್ರಾಂಗ್ ಬಾಟಲ್ ಸಾಮಾನ್ಯವಾಗಿ ಅದನ್ನು ದಾಟಿಸಿಬಿಡುತ್ತದೆ. ಅವರಿಗೆ ಆಲ್ಕೋಹಾಲ್ ಇಲ್ಲದ ಬಿಯರ್ ತನ್ನಿ, ಹೈನೆಕೆನ್ 0.0 ಥರದ್ದು. ತುಂಬಾ ಜನ ಅದನ್ನು ತರುತ್ತಾರೆ, ಆದರೆ ಕಾರಿನ ಡಿಕ್ಕಿಯಲ್ಲೇ ಬಿಸಿಯಾಗೋಕೆ ಬಿಟ್ಟಿರುತ್ತಾರೆ. ಬಿಯರ್ ಇಟ್ಟ ಐಸ್ ಡಬ್ಬಿಯಲ್ಲೇ ಅದಕ್ಕೂ ಜಾಗ ಮಾಡಿ, ಅದೂ ಲಾಗರೇ, 4ರಿಂದ 7 ಡಿಗ್ರಿ ಅದಕ್ಕೂ ಬೇಕು.