ಮಂಗರಬಳ್ಳಿ ಬುಡದಲ್ಲೇ ಕೊಳೆಯುವುದು ಯಾಕೆ?

ಪ್ರಶ್ನೆ: ಬೇಲಿ ಮೇಲೆ ಯಾರೂ ನೀರು ಹಾಕದೆ ಬೆಳೆಯುವ ಮಂಗರಬಳ್ಳಿಯನ್ನು ತಂದು ಕುಂಡದಲ್ಲಿ ನೆಟ್ಟರೆ ಹದಿನೈದು ದಿನಕ್ಕೆ ಬುಡ ಕೊಳೆಯುತ್ತದೆ. ಎರಡು ಸಲ ಹೀಗಾಯಿತು. ದಿನಾ ಸ್ವಲ್ಪವೇ ನೀರು ಹಾಕುತ್ತಿದ್ದೆವು. ತಪ್ಪು ಎಲ್ಲಿ?

ಉತ್ತರ: ‘ದಿನಾ ಸ್ವಲ್ಪ’ ಅನ್ನುವುದರಲ್ಲೇ ಅರ್ಧ ತಪ್ಪಿದೆ. ಉಳಿದರ್ಧ, ಬಹುಶಃ ಕಡ್ಡಿಯನ್ನು ಕತ್ತರಿಸಿದ ದಿನವೇ ನೆಟ್ಟದ್ದರಲ್ಲಿ.

ಮಂಗರಬಳ್ಳಿ ಅಥವಾ ಸಂದುಬಳ್ಳಿ, ಸಸ್ಯಶಾಸ್ತ್ರದಲ್ಲಿ ಸಿಸ್ಸಸ್ ಕ್ವಾಡ್ರಾಂಗ್ಯುಲಾರಿಸ್, ಕಳ್ಳಿಯ ಜಾತಿಯದಲ್ಲ, ದ್ರಾಕ್ಷಿಯ ಕುಟುಂಬದ್ದು. ನೀರು ಕೂಡಿಡುವುದು, ಅಡುಗೆ ಮಾಡಿಕೊಳ್ಳುವುದು ಎರಡೂ ಅದರ ನಾಲ್ಕು ಮೂಲೆಯ ಹಸಿರು ಕಾಂಡದ ಕೆಲಸ. ಎಲೆ ಹೆಸರಿಗಷ್ಟೇ. ಬೇಸಿಗೆಯಲ್ಲಿ ಎಲೆ ಉದುರಿದರೆ ಅದು ರೋಗವಲ್ಲ. ಕಾಂಡದ ಸೂಕ್ಷ್ಮ ರಂಧ್ರಗಳು ಬಿಸಿಲಲ್ಲಿ ಮುಚ್ಚಿಕೊಂಡು ರಾತ್ರಿ ತೆರೆಯುವುದರಿಂದ ನೀರು ಆವಿಯಾಗಿ ಹೋಗುವುದು ಬಹಳ ಕಡಿಮೆ. ಬೇರೇ ಇಲ್ಲದ ಕಡ್ಡಿಗೆ ದಿನವೂ ನೀರು ಕೊಟ್ಟರೆ ಅದನ್ನು ಕುಡಿಯುವವರಿಲ್ಲ. ಹಸಿ ಗಾಯದೊಳಗೆ ಶಿಲೀಂಧ್ರ ಇಳಿಯುತ್ತದೆ, ಅಷ್ಟೇ.

ಕಡ್ಡಿ ಆರಿಸುವಾಗ ತುದಿಯ ಎಳೆ ಚಿಗುರು ಬೇಡ, ಬುಡದ ನಾರು ತುಂಬಿದ ಭಾಗವೂ ಬೇಡ. ನಡುವಿನ ಬಲಿತ ಕಾಂಡದಲ್ಲಿ ಮೂರು ಗೆಣ್ಣು ಇರುವ ತುಂಡು ಸಾಕು, ಸುಮಾರು 20 ಸೆಂ.ಮೀ. ಉದ್ದ. ಕೆಳಗಿನ ಗೆಣ್ಣಿಗಿಂತ ಒಂದು ಸೆಂ.ಮೀ. ಕೆಳಗೆ ಕತ್ತರಿಸಿ. ಬೇರು ಒಡೆಯುವುದು ಗೆಣ್ಣಿನಲ್ಲಿ. ಅದರ ಕೆಳಗೆ ಉದ್ದಕ್ಕೆ ಬಿಟ್ಟ ತುಂಡು ಮಣ್ಣೊಳಗೆ ಕೊಳೆಯುವುದಕ್ಕೇ ಇರುವ ತಿರುಳು. ಮೇಲ್ತುದಿಗೆ ಆಗಲೇ ಒಂದು ದಾರ ಕಟ್ಟಿಬಿಡಿ. ಒಣಗಿದ ಮೇಲೆ ತಲೆ ಯಾವುದು, ಬುಡ ಯಾವುದು ಎಂದು ಗೊಂದಲವಾಗುತ್ತದೆ. ದಾರ ಮರೆತಿದ್ದರೆ ಎಲೆ ಉದುರಿದ ಗುರುತು ನೋಡಿ: ಮೊಗ್ಗು ಯಾವ ಬದಿಗಿದೆಯೋ ಅದು ಮೇಲು.

ಈಗ ಕಡ್ಡಿಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ಪತ್ರಿಕೆಯ ಮೇಲೆ ಮಲಗಿಸಿ. ಬಿಸಿಲುಗಾಲದಲ್ಲಿ ನಾಲ್ಕೈದು ದಿನ, ಮೋಡ ಕವಿದ ದಿನಗಳಲ್ಲಿ ಎಂಟು ದಿನ. ಕತ್ತರಿಸಿದ ಬಾಯಿ ಬೆರಳಿಗೆ ಅಂಟದೆ, ಕಾಗದದಂತೆ ಒಣಗಿ ಒಳಕ್ಕೆ ಸರಿದಿರಬೇಕು. ಕಡ್ಡಿ ಸ್ವಲ್ಪ ಬಾಡಿದರೆ ಬಾಡಲಿ.

ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಆದರೆ ಜರಡಿ ಹಿಡಿದು ಪುಡಿ ತೆಗೆಯಿರಿ. ಆ ಪುಡಿ ಕುಂಡದಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬೇಡವೇ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಒದ್ದೆಯಾಗಿರುವುದು ಅದರ ಗುಣ, ಈ ಬಳ್ಳಿಗೆ ಅದೇ ಶತ್ರು. ಹತ್ತು–ಹನ್ನೆರಡು ಇಂಚಿನ ಮಣ್ಣಿನ ಕುಂಡ ಒಳ್ಳೆಯದು.

ಒಂದು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟು, ಕಡ್ಡಿ ಅಲುಗಾಡದಂತೆ ಕೋಲಿಗೆ ಕಟ್ಟಿ. ಐದಾರು ದಿನ ನೀರು ಬೇಡ. ಆಮೇಲೆ ಒಂದು ಲೋಟ, ಮತ್ತೆ ವಾರ ಬಿಟ್ಟು ಇನ್ನೊಂದು. ಮೂರು–ನಾಲ್ಕು ವಾರದಲ್ಲಿ ಗೆಣ್ಣಿನಲ್ಲಿ ಚಿಗುರು ಕಾಣಿಸಿಕೊಳ್ಳುತ್ತದೆ. ಆದರೆ ಕಾಂಡದಲ್ಲಿ ಉಳಿದ ನೀರಿನಿಂದಲೇ ಚಿಗುರೊಡೆಯುವುದೂ ಉಂಟು. ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ಕೂತಿದ್ದರೆ ಮಾತ್ರ ಬೇರು ಬಂದಿದೆ ಎನ್ನಬಹುದು. ಬೇರೂರಿದ ಬಳ್ಳಿಗೆ ಬೇಸಿಗೆಯಲ್ಲಿ ಎಂಟು–ಹತ್ತು ದಿನಕ್ಕೊಮ್ಮೆ, ಕುಂಡದ ತೂತಿನಿಂದ ಹರಿಯುವಷ್ಟು ನೀರು. ಮಳೆಗಾಲದಲ್ಲಿ ಏನೂ ಬೇಡ. ಕರಾವಳಿ, ಮಲೆನಾಡಿನವರು ಕುಂಡವನ್ನು ಸೂರಿನಡಿ ಎಳೆದಿಡಬೇಕು. ಬಯಲುಸೀಮೆಯವರಿಗೆ ಆ ಚಿಂತೆ ಕಡಿಮೆ. ನೆಡಲು ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ.

ಹೆಚ್ಚಿನವರು ಎಡವುವುದು ಕಾಂಡ ಸುಕ್ಕುಗಟ್ಟಿದಾಗ. ಬಾಯಾರಿದರೂ ಸುಕ್ಕು, ಬೇರು ಕೊಳೆತು ನೀರು ಮೇಲೇರದಿದ್ದರೂ ಸುಕ್ಕು. ಎರಡನೆಯದಕ್ಕೂ ನೀರು ಸುರಿದರೆ ಕಥೆ ಮುಗಿಯಿತು. ಮಣ್ಣಿಗೆ ತಾಗುವ ಗೆಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದು, ಮೂಲೆಗಳು ಮಾತ್ರ ತೆಳ್ಳಗಾಗಿ ನಡುವೆ ಗುಳಿ ಬಿದ್ದಿದ್ದರೆ ಬಾಯಾರಿಕೆ. ನೀರು ಕೊಟ್ಟ ಎರಡು ಮೂರು ದಿನಕ್ಕೆ ತುಂಬಿಕೊಳ್ಳುತ್ತದೆ. ಮೆತ್ತಗೆ, ಹಳದಿಯಾಗಿ, ಎಣ್ಣೆ ಹಚ್ಚಿದ ಕಾಗದದಂತೆ ಕಂಡರೆ ಕೊಳೆತ. ಆಗ ಮೇಲಿನ ಗಟ್ಟಿ ಭಾಗವನ್ನು ಕತ್ತರಿಸಿ, ಅಡ್ಡಕೊಯ್ತದಲ್ಲಿ ಕಂದು ಕಲೆ ಕಾಣದಷ್ಟು ಮೇಲಕ್ಕೆ ಹೋಗಿ, ಮತ್ತೆ ಒಣಗಿಸಿ ನೆಡಿ. ಹಳೇ ಮಣ್ಣು ಬಳಸಬೇಡಿ.

ಐದಾರು ಗಂಟೆ ಬಿಸಿಲು ಬೀಳಲಿ. ನೆರಳಲ್ಲಿ ಕಾಂಡ ಸಣಕಲಾಗಿ ಉದ್ದಕ್ಕೆ ಓಡುತ್ತದೆ. ಗೆಣ್ಣಿನ ಸಂದಿಯಲ್ಲಿ ಬಿಳಿ ಹಿಟ್ಟುತಿಗಣೆ ಕಂಡರೆ ಸೋಪು ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು.

ಇದರ ಎಳೆ ಕಾಂಡದಿಂದ ಚಟ್ನಿ ಮಾಡುವುದಾದರೆ ಕೊಯ್ಯುವುದು ತುದಿಯ ಎರಡು ಗೆಣ್ಣು ಮಾತ್ರ, ಅದೂ ಬಳ್ಳಿ ಮೂರಡಿ ದಾಟಿದ ಮೇಲೆ. ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ, ಸೂಜಿಯಂಥ ಸೂಕ್ಷ್ಮ ಹರಳುಗಳಿವೆ. ಹಸಿಯಾಗಿ ತಿಂದರೆ ಗಂಟಲು ಕೆರೆತ ಖಂಡಿತ. ಕೈಗೆ ಎಣ್ಣೆ ಸವರಿ, ನಾಲ್ಕು ಮೂಲೆಯ ನಾರು ಎಳೆದು, ಎಣ್ಣೆಯಲ್ಲಿ ಹಸಿರು ಹೋಗಿ ಕಂದಾಗುವವರೆಗೆ ಹುರಿಯಿರಿ. ಹುಣಸೆಹಣ್ಣಿನಲ್ಲಿ ಜಿಪುಣತನ ಬೇಡ.