ಹಾಳೆ ಕಾಯುವ ಹೊತ್ತು

ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಇಳಿಸಿ, ಕೆಳಗಿನ ಗಾಳಿ ಹೀರಿ ಆಕಾರ ಕೊಡುವ ವ್ಯಾಕ್ಯೂಮ್ ಫಾರ್ಮಿಂಗ್ ಯಂತ್ರವನ್ನು ತಾವೇ ಕಟ್ಟಿಕೊಳ್ಳಬೇಕೆಂದು ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ವರ್ಕ್‌ಶಾಪಿಗೆ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಕೇಳುವುದು ಪಂಪಿನ ವಿಷಯವನ್ನೇ. ಎಷ್ಟು ದೊಡ್ಡ ಪಂಪು ಬೇಕು, ಮನೆಯ ವ್ಯಾಕ್ಯೂಮ್ ಕ್ಲೀನರ್ ಸಾಕಾಗುತ್ತದೆಯೇ, ಹಳೆಯ ಫ್ರಿಜ್ಜಿನ ಕಂಪ್ರೆಸರ್ ನಡೆಯುತ್ತದೆಯೇ ಎಂದು ವಿಚಾರಿಸುತ್ತಾರೆ. ನಾನು ಅವರಿಗೆ ಹೀಟರಿನಿಂದ ಶುರು ಮಾಡಲು ಹೇಳುತ್ತೇನೆ, ಏಕೆಂದರೆ ನನ್ನ ಕೈಯಲ್ಲಿ ಕೆಟ್ಟ ತುಂಡುಗಳಲ್ಲಿ ಹೆಚ್ಚಿನವು ಹೀರಿಕೆ ಸಾಲದೆ ಕೆಟ್ಟವಲ್ಲ, ಹಾಳೆ ಸರಿಯಾಗಿ ಕಾಯದೆ ಕೆಟ್ಟವು.

ಹಾಳೆಯನ್ನು ಅಚ್ಚಿನ ಮೇಲೆ ಕೂರಿಸುವುದು ಪಂಪಲ್ಲ, ಮೇಲಿನ ಗಾಳಿ. ಪಂಪು ಕೆಳಗಿನ ಗಾಳಿಯನ್ನು ತೆಗೆದು ದಾರಿ ಬಿಡುತ್ತದೆ ಅಷ್ಟೇ. ಸಮುದ್ರ ಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ ಗಾಳಿಯ ಭಾರ ಸುಮಾರು 0.95 ಕಿಲೋ ಇರುತ್ತದೆ. ಒಳ್ಳೆಯ ವ್ಯಾಕ್ಯೂಮ್ ಕ್ಲೀನರ್ ಅದರಲ್ಲಿ ಐದನೇ ಒಂದು ಪಾಲಿನಷ್ಟನ್ನು ಮಾತ್ರ ಉಪಯೋಗಕ್ಕೆ ತರಬಲ್ಲದು. ಆದರೂ 30 ಸೆಂ.ಮೀ. ಉದ್ದ, ಅಷ್ಟೇ ಅಗಲದ ಹಾಳೆಯ ಮೇಲೆ ಅದು 170 ಕಿಲೋದಷ್ಟಾಗುತ್ತದೆ, ಅಂದರೆ ಮೂರು ಮಂದಿ ಆಳುಗಳು ಹತ್ತಿ ನಿಂತ ಹಾಗೆ. ಒಂದು ಮಿಲಿಮೀಟರ್ ದಪ್ಪದ ಹಾಳೆಗೆ, ಆಳವಿಲ್ಲದ ಅಚ್ಚಿಗೆ ಇದು ಧಾರಾಳವಾಯಿತು.

ಹೀಟರಿನ ಲೆಕ್ಕ ಹೀಗಿದೆ. ಚದರ ಸೆಂಟಿಮೀಟರಿಗೆ ಎರಡು ವ್ಯಾಟ್ ಎಂದು ಹಿಡಿದರೆ ಇದೇ ಅಳತೆಯ ಹಾಳೆಗೆ 1800 ವ್ಯಾಟ್ ಬೇಕು. 230 ವೋಲ್ಟಿನಲ್ಲಿ ಅದು ಸುಮಾರು ಎಂಟು ಆಂಪಿಯರ್ ಎಳೆಯುವುದರಿಂದ 16 ಆಂಪಿಯರಿನ ಸಾಕೆಟ್ ಇರಲೇಬೇಕು, ಹೀಟರಿನ ಪೆಟ್ಟಿಗೆಗೂ ಹಾಳೆ ಹಿಡಿಯುವ ಕಬ್ಬಿಣದ ಚೌಕಟ್ಟಿಗೂ ಅರ್ಥಿಂಗ್ ಮಾಡಿಸಲೇಬೇಕು. ಹೀಟರಿನ ತೆರೆದ ನೈಕ್ರೋಮ್ ತಂತಿಯ ಸುರುಳಿಯ ಕೆಳಗೆ ಕೈ ಚಾಚಿ ಕೆಲಸ ಮಾಡುವವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸುರುಳಿಯನ್ನು ಉದ್ದಕ್ಕೂ ಒಂದೇ ಅಂತರದಲ್ಲಿ ಹಾಸುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಅಂಚಿನಲ್ಲಿ ಬಿಸಿ ಹೊರಗೆ ಸೋರಿಹೋಗುತ್ತದೆ, ಚೌಕಟ್ಟು ಕೂಡ ಬಿಸಿಯನ್ನು ಹೀರಿಕೊಳ್ಳುತ್ತದೆ. ನನ್ನ ಮೊದಲ ಯಂತ್ರದಲ್ಲಿ ಹಾಳೆಯ ನಡುಭಾಗ ಕರಗಿ ಜೋತು ಬೀಳುವ ಹೊತ್ತಿಗೂ ಮೂಲೆಗಳು ರಟ್ಟಿನಂತೆ ಗಟ್ಟಿಯಾಗಿಯೇ ಇರುತ್ತಿದ್ದವು. ಅಂಚಿನಲ್ಲಿ ಸುರುಳಿಯನ್ನು ಒತ್ತೊತ್ತಾಗಿ, ನಡುವೆ ವಿರಳವಾಗಿ ಹಾಸಿ, ಹಾಳೆಯಿಂದ 10–15 ಸೆಂ.ಮೀ. ಎತ್ತರದಲ್ಲಿ ಇಟ್ಟ ಮೇಲೆ ಆ ತೊಂದರೆ ತಪ್ಪಿತು.

ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್ ಎಂಬ, ಪೆಟ್ಟು ತಾಳುವ ಪ್ಲಾಸ್ಟಿಕ್ಕಿನ ಹಾಳೆಯಿಂದ ಕಲಿಯುವುದು ಒಳ್ಳೆಯದು, ಏಕೆಂದರೆ ಅದು ಕಾಯುವಾಗ ತನ್ನ ಸ್ಥಿತಿಯನ್ನು ತಾನೇ ತೋರಿಸುತ್ತದೆ. ಮೊದಲು ಹಾಳೆಯ ಮೇಲೆ ಅಲೆಗಳು ಏಳುತ್ತವೆ, ಅಂಕುಡೊಂಕಾಗುತ್ತದೆ. ಹೊಸಬರು ಇದನ್ನೇ ಮೆತ್ತಗಾದ ಗುರುತೆಂದು ತಿಳಿದು ಅಚ್ಚಿಗೆ ಇಳಿಸಿಬಿಡುತ್ತಾರೆ. ಇನ್ನಷ್ಟು ಹೊತ್ತು ಬಿಟ್ಟರೆ ಅಲೆಗಳು ಮಾಯವಾಗಿ ಹಾಳೆ ಹಲಗೆ ವಾದ್ಯದ ಚರ್ಮದಂತೆ ಬಿಗಿಯುತ್ತದೆ, ಆಮೇಲೆ ನಿಧಾನವಾಗಿ ನಡುವೆ ಜೋತು ಬೀಳತೊಡಗುತ್ತದೆ. ಆ ಜೋತು ಒಂದೆರಡು ಸೆಂಟಿಮೀಟರಿಗೆ ಬಂದಾಗ, ಅಂದರೆ ಹಾಳೆ 150ರಿಂದ 170 ಡಿಗ್ರಿಯ ಆಸುಪಾಸಿನಲ್ಲಿದ್ದಾಗ, ಇಳಿಸಬೇಕು. ಹೀಟರಿನಿಂದ ಸರಿಸಿದ ಹಾಳೆ ಕೆಲವೇ ಸೆಕೆಂಡುಗಳಲ್ಲಿ ಆರುವುದರಿಂದ ಚೌಕಟ್ಟು ಅಚ್ಚಿನ ಕೆಳಗಿನ ಗಾಳಿ ಹೀರುವ ಪೆಟ್ಟಿಗೆಯ ಮೇಲೆ ಒಂದೇ ಸಲಕ್ಕೆ ಕೂರುವಂತಿರಬೇಕು, ಪೆಟ್ಟಿಗೆಯ ಬಾಯಿಗೆ ಬಿಸಿ ತಾಳುವ ಸಿಲಿಕೋನ್ ಪಟ್ಟಿ ಇರಬೇಕು. ಪಿವಿಸಿ ಹಾಳೆಗೆ ಇಷ್ಟು ಬಿಸಿ ಬೇಡ. ಅದು ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡಲೇಬಾರದು.

ಕೆಲ ವರ್ಷಗಳ ಹಿಂದೆ ಬ್ಯಾಡಗಿ ಕಡೆಯ ಒಬ್ಬ ರೈತರು ಮೆಣಸಿನ ಸಸಿ ಬೆಳೆಸುವ ಟ್ರೇ ಮಾಡಿಕೊಡಲು ಕೇಳಿದ್ದರು. ಮಾದರಿ ತುಂಡನ್ನು ಬೆರಳಿನಿಂದ ಒತ್ತಿ ನೋಡಿ, ‘ಸರ, ತಳಾ ಭಾಳ ತೆಳ್ಳಗಾಗೇತ್ರಿ, ಮಣ್ಣು ತುಂಬಿದ್ರ ಹರೀತೈತಿ’ ಎಂದರು. ಅವರ ಮಾತು ನಿಜವಾಗಿತ್ತು. ನಾಲ್ಕು ಸೆಂಟಿಮೀಟರ್ ಚೌಕದ ಬಾಯಿಯ ನೇರ ಗೋಡೆಯ ಗುಳಿ ನಾಲ್ಕು ಸೆಂಟಿಮೀಟರ್ ಆಳವಿದ್ದರೆ 16 ಚದರ ಸೆಂ.ಮೀ. ಹಾಳೆ 80 ಚದರ ಸೆಂ.ಮೀ. ಆಗಿ ಹಿಗ್ಗಬೇಕಾಗುತ್ತದೆ. ಒಂದು ಮಿಲಿಮೀಟರಿನ ಹಾಳೆ ಸರಾಸರಿ 0.2 ಮಿ.ಮೀ.ಗೆ ಇಳಿಯುತ್ತದೆ, ಕೊನೆಗೆ ತುಂಬುವ ತಳದ ಮೂಲೆಗಳಲ್ಲಿ ಅದಕ್ಕಿಂತಲೂ ಕಡಿಮೆ. ಹಾಳೆಯ ಮೇಲೆ ಮಾರ್ಕರಿನಿಂದ ಸೆಂಟಿಮೀಟರಿಗೊಂದರಂತೆ ಚೌಕಳಿ ಎಳೆದು ಇನ್ನೊಂದು ಸಲ ಅಚ್ಚಿಗೆ ಹೀರಿಸಿ ನೋಡಿದಾಗ ಬಾಯಿಯ ಬಳಿಯ ಚೌಕಗಳು ಹಾಗೆಯೇ ಉಳಿದು, ತಳದವು ಮಾತ್ರ ಅಗಲವಾಗಿ ಹಿಂಜಿದ್ದವು. ಗುಳಿಯ ಬಾಯಿಗಿಂತ ತುಸು ಚಿಕ್ಕದಾದ ಕಟ್ಟಿಗೆಯ ಗೂಟಗಳಿಂದ ಬಿಸಿ ಹಾಳೆಯನ್ನು ಮೊದಲು ಒಳಕ್ಕೆ ತಳ್ಳಿ ಅನಂತರ ಗಾಳಿ ಹೀರಿದ ಮೇಲೆ, ಗೋಡೆಗಳನ್ನೂ ಓರೆ ಮಾಡಿದ ಮೇಲೆ, ತಳ ಗಟ್ಟಿಯಾಯಿತು. ಹೊಸ ಅಚ್ಚಿಗೆಲ್ಲ ಈ ಚೌಕಳಿಯ ಪರೀಕ್ಷೆಯನ್ನು ಈಗಲೂ ತಪ್ಪದೆ ಮಾಡುತ್ತೇನೆ.

ಅಚ್ಚನ್ನು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಥವಾ ಕಟ್ಟಿಗೆಯಿಂದ ಮಾಡಬಹುದು. ಪ್ಲಾಸ್ಟರಿನದಾದರೆ ಪೂರ್ತಿ ಒಣಗಿರಬೇಕು, ಇಲ್ಲವಾದರೆ ಹಸಿಯು ಆವಿಯಾಗಿ ಹಾಳೆಯ ಮೇಲೆ ಗುಳ್ಳೆ ಎಬ್ಬಿಸುತ್ತದೆ. ಗಾಳಿ ಸಿಕ್ಕಿಕೊಳ್ಳುವ ತಗ್ಗುಗಳಲ್ಲೆಲ್ಲ ಒಂದು ಮಿಲಿಮೀಟರಿಗಿಂತ ದೊಡ್ಡದಲ್ಲದ ತೂತು ಕೊರೆಯಬೇಕು. ಅದಕ್ಕಿಂತ ದೊಡ್ಡದಾದರೆ ತೂತಿನ ಗುರುತು ತುಂಡಿನ ಮೇಲೆ ಮೊಲೆತೊಟ್ಟಿನಂತೆ ಮೂಡುತ್ತದೆ.

ಆಳದ ಅಚ್ಚಿಗೆ ಇಳಿದಾಗಲೇ ಫ್ರಿಜ್ಜಿನ ಕಂಪ್ರೆಸರಿನ ಮಾತು. ಅದು ಬಲವಾಗಿ ಹೀರುತ್ತದೆ, ಆದರೆ ತೀರ ನಿಧಾನ. ಅದರ ಜೊತೆಗೆ ಗಟ್ಟಿ ಉಕ್ಕಿನ ಟ್ಯಾಂಕ್ ಬೇಕು. ತೆಗೆಯಬೇಕಾದ ಗಾಳಿ ಐದು ಲೀಟರಿದ್ದರೆ ಟ್ಯಾಂಕ್ 30 ಲೀಟರಿನದಿರಲಿ. ಮೊದಲೇ ಖಾಲಿ ಮಾಡಿಟ್ಟ ಟ್ಯಾಂಕಿನ ವಾಲ್ವ್ ತೆರೆದರೆ ಹಾಳೆ ಒಂದು ಕ್ಷಣದಲ್ಲಿ ಅಚ್ಚಿಗೆ ಅಂಟುತ್ತದೆ. ಪ್ಲಾಸ್ಟಿಕ್ ಡ್ರಮ್ಮನ್ನಾಗಲಿ ತೆಳು ತಗಡಿನ ಡಬ್ಬಿಯನ್ನಾಗಲಿ ಇದಕ್ಕೆ ಬಳಸಬಾರದು, ಹೊರಗಿನ ಗಾಳಿ ಅದನ್ನು ಹಿಸುಕಿಬಿಡುತ್ತದೆ.

ಧಾರವಾಡದ ಮಳೆಗಾಲದಲ್ಲಿ ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಎಂಬ ಬಗೆಯ ಪ್ಲಾಸ್ಟಿಕ್ ಹಾಳೆಗಳು ತೇವ ಹಿಡಿದು, ಕಾಯುವಾಗ ಮೈತುಂಬ ಸಣ್ಣ ಗುಳ್ಳೆ ಏಳುತ್ತವೆ. ಎಬಿಎಸ್ ಹಾಳೆಯನ್ನು 80 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿದರೆ ಅದು ಬಾರದು. ಅಚ್ಚಿಗೆ ಕೂತ ತುಂಡು ಆರುವ ತನಕ ಹೀರಿಕೆಯನ್ನು ನಿಲ್ಲಿಸಬಾರದು, ಆರಿದ ಮೇಲೆ ಬಿಡಿಸಲು ತಡವನ್ನೂ ಮಾಡಬಾರದು. ಪ್ಲಾಸ್ಟಿಕ್ ತಣಿದಂತೆಲ್ಲ ಕುಗ್ಗಿ ಉಬ್ಬಿದ ಅಚ್ಚನ್ನು ಅಪ್ಪಿಕೊಳ್ಳುತ್ತದೆ. ಅಚ್ಚಿನ ಪಕ್ಕಗಳಿಗೆ ಮೂರರಿಂದ ಐದು ಡಿಗ್ರಿ ಓರೆ ಕೊಟ್ಟಿದ್ದರೆ ತುಂಡು ಅಂಗೈಯ ಒಂದು ತಟ್ಟಿಗೆ ಬಿಡುತ್ತದೆ, ಕೊಟ್ಟಿಲ್ಲದಿದ್ದರೆ ಅಚ್ಚನ್ನೇ ಒಡೆದು ತೆಗೆಯಬೇಕಾಗುತ್ತದೆ.